ತಂಡಕ್ಕೆ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ: ಬೆಳಗಾವಿಯ ಸಣ್ಣ ಉದ್ಯಮಗಳಿಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಉದ್ಯಮಬಾಗದ ನಮ್ಮ ವರ್ಕ್‌ಶಾಪಿಗೆ ದೀಪಾವಳಿ ಆಫರ್‌ನಲ್ಲಿ ಏಳು ಲ್ಯಾಪ್‌ಟಾಪ್ ತಂದೆವು. ಏಳೂ ಒಂದೇ ಮಾಡೆಲ್. ತೆಳ್ಳಗೆ, ಹಗುರವಾಗಿ, ನೋಡಲು ಚೆಂದ ಇದ್ದವು. ವಾರದೊಳಗೆ ಅಕೌಂಟ್ಸ್ ನೋಡುವ ಅಕ್ಕ ಬಂದು, "ಸರ್, ಇದರಾಗ ನಂಬರ್ ಕೀ ಎಲ್ಲಿ ಅದಾವ್ರಿ?" ಎಂದು ಕೇಳಿದರು. ಅವು ಇರಲೇ ಇಲ್ಲ. ಕಂಪ್ಯೂಟರ್ ಪ್ರೋಗ್ರಾಂನಂತೆ ಲೋಹ ಕೊರೆಯುವ ವಿಎಂಸಿ ಮಷಿನ್‌ಗೆ ಪ್ರೋಗ್ರಾಂ ಹಾಕುವ ಹುಡುಗನಿಗೆ ಕೇಬಲ್ ಸಿಕ್ಕಿಸಲು ಪೋರ್ಟ್ ಇರಲಿಲ್ಲ. ಡಿಸೈನರ್ ಬಿಡಿಭಾಗಗಳನ್ನೆಲ್ಲ ಜೋಡಿಸಿದ ಅಸೆಂಬ್ಲಿ ಫೈಲ್ ಒತ್ತಿ, ಹೊರಗೆ ಹೋಗಿ ಚಹಾ ಕುಡಿದು ಬಂದರೂ ಅದು ಇನ್ನೂ ತೆರೆಯುತ್ತಲೇ ಇರುತ್ತಿತ್ತು. ರ್ಯಾಮ್ ಹೆಚ್ಚಿಸೋಣ ಎಂದು ಬಿಚ್ಚಿಸಿದರೆ, 8 ಜಿಬಿ ಬೋರ್ಡಿಗೇ ಬೆಸೆದಿತ್ತು.

ಇದರಲ್ಲಿ ಅಂಗಡಿಯವರ ತಪ್ಪಿಲ್ಲ. "ಈ ರೇಟಿಗೆ ಚೆನ್ನಾಗಿರೋದು ಯಾವುದು?" ಎಂದು ನಾವು ಕೇಳಿದೆವು, ಅವರು ಕೊಟ್ಟರು. ಆದರೆ ಈ ಮೇಜಿನಲ್ಲಿ ಕೂರುವವರು ದಿನವಿಡೀ ಏನು ಮಾಡುತ್ತಾರೆ ಎಂಬುದನ್ನು ನಾವು ಮೊದಲು ಕೇಳಿಕೊಳ್ಳಬೇಕಿತ್ತು. ಅಂದಿನಿಂದ ನಮ್ಮಲ್ಲಿ ಖರೀದಿ ಶುರುವಾಗುವುದೇ ಆ ಪ್ರಶ್ನೆಯಿಂದ. ಅದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಫೌಂಡ್ರಿ, ಮಷಿನ್ ಶಾಪ್, ಹೈಡ್ರಾಲಿಕ್ಸ್ ಘಟಕ, ಗೋಡೌನ್, ವಕೀಲರ ಅಥವಾ ಆಡಿಟರ ಕಚೇರಿ, ಯಾವುದಾದರೂ ಸರಿ, ಐದರಿಂದ ಇಪ್ಪತ್ತು ಜನ ಇರುವ ಕಡೆ ಇದು ನಡೆಯುತ್ತದೆ.

ಹೆಜ್ಜೆ 1: ಒಂದೊಂದೇ ಮೇಜಿನ ಬಳಿ ಹೋಗಿ ಕೂತು ನೋಡಿ

ಒಂದು ನೋಟ್‌ಬುಕ್ ಹಿಡಿದು ಪ್ರತಿಯೊಬ್ಬರ ಪಕ್ಕ ಅರ್ಧ ತಾಸು ಕೂರಿ. ಯಾವ ಸಾಫ್ಟ್‌ವೇರ್ ತೆರೆದಿರುತ್ತದೆ, ಒಟ್ಟಿಗೆ ಎಷ್ಟು ತೆರೆದಿರುತ್ತವೆ, ಏನೇನು ಸಿಕ್ಕಿಸುತ್ತಾರೆ, ಎಲ್ಲಿಗೆ ಹೊತ್ತುಕೊಂಡು ಹೋಗುತ್ತಾರೆ, ಯಾವಾಗ ಕಾಯುತ್ತಾ ಕೂರುತ್ತಾರೆ ಎಂಬುದನ್ನೆಲ್ಲ ಬರೆದುಕೊಳ್ಳಿ. "ನಿಮಗೇನು ಬೇಕು?" ಎಂದು ಕೇಳಿದರೆ ಎಲ್ಲರೂ "ಫಾಸ್ಟ್ ಇರೋದು" ಅನ್ನುತ್ತಾರೆ. ಪಕ್ಕದಲ್ಲಿ ಕೂತರೆ ಮಾತ್ರ ನಿಜ ತಿಳಿಯುತ್ತದೆ.

ಇದಕ್ಕೆ ಸರಿಯಾದ ದಿನ ಆರಿಸಿಕೊಳ್ಳಿ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 ಕೊನೆಯ ದಿನ 11, ಜಿಎಸ್‌ಟಿಆರ್-3ಬಿ ಕೊನೆಯ ದಿನ 20. ಈ ತಾರೀಖುಗಳ ಹಿಂದಿನ ದಿನ ಅಕೌಂಟ್ಸ್ ಮೇಜಿನಲ್ಲಿ ಟ್ಯಾಲಿ, ನಾಲ್ಕು ಎಕ್ಸೆಲ್ ಫೈಲ್, ಹತ್ತಾರು ಬ್ರೌಸರ್ ಟ್ಯಾಬ್, ವಾಟ್ಸಾಪ್ ಎಲ್ಲ ಒಟ್ಟಿಗೆ ತೆರೆದಿರುತ್ತವೆ. ಆಗ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಎಷ್ಟು ತುಂಬಿದೆ ನೋಡಿ. 8 ಜಿಬಿಯಲ್ಲಿ 7 ದಾಟಿದ್ದರೆ ಅಲ್ಲಿಯೇ ನಿಮ್ಮ ಉತ್ತರ ಇದೆ.

ಕಾಯುವ ಹೊತ್ತನ್ನೂ ಲೆಕ್ಕ ಹಾಕಿ. ಒಬ್ಬರು ದಿನಕ್ಕೆ 20 ನಿಮಿಷ ಸುಮ್ನೆ ಕಾಯುತ್ತಾರೆ ಎಂದುಕೊಳ್ಳಿ. ತಿಂಗಳಿಗೆ 25 ದಿನಕ್ಕೆ 500 ನಿಮಿಷ ಆಯಿತು. ಅಂದರೆ ಎಂಟು ತಾಸಿಗಿಂತ ಜಾಸ್ತಿ, ಒಂದು ಪೂರ್ತಿ ದಿನದ ಪಗಾರ. ಮಾಲಕರ ಮುಂದೆ ಬಜೆಟ್ ಕೇಳಲು ಕೂತಾಗ ಈ ಲೆಕ್ಕ ಬಹಳ ಸಹಾಯಕ್ಕೆ ಬರುತ್ತದೆ.

ಹೆಜ್ಜೆ 2: ಲ್ಯಾಪ್‌ಟಾಪ್ ಬೇಕೇ ಬೇಕಾ, ನೋಡಿ

ಸ್ಟೋರ್ಸ್, ಡಿಸ್ಪ್ಯಾಚ್, ಗೇಟ್ ಎಂಟ್ರಿ ಮೇಜಿನವರು ಎಲ್ಲಿಗೂ ಹೊತ್ತುಕೊಂಡು ಹೋಗುವುದಿಲ್ಲ. ಅಲ್ಲಿಗೆ ಡೆಸ್ಕ್‌ಟಾಪ್ ಮತ್ತು ಒಂದು ಯುಪಿಎಸ್ ಸಾಕು. ಅದೇ ದುಡ್ಡಿಗೆ ಹೆಚ್ಚು ಶಕ್ತಿ ಸಿಗುತ್ತದೆ, ಕೀಬೋರ್ಡ್ ಹಾಳಾದರೆ ಐದು ನಿಮಿಷದಲ್ಲಿ ಬೇರೆ ಹಾಕಬಹುದು. ಫೌಂಡ್ರಿ ಒಳಗೆ, ಗ್ರೈಂಡಿಂಗ್ ಹತ್ತಿರ ಲ್ಯಾಪ್‌ಟಾಪ್ ಇಡಲೇಬೇಡಿ. ಅಲ್ಲಿಯ ಧೂಳು ಬರೀ ಧೂಳಲ್ಲ, ಕಬ್ಬಿಣದ ಪುಡಿ. ಫ್ಯಾನ್ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಬೋರ್ಡಿನ ಮೇಲೆ ಕೂತರೆ ಶಾರ್ಟ್ ಆಗುತ್ತದೆ. ಆ ಜಾಗಕ್ಕೆ ಬಾಗಿಲಿರುವ ಪೆಟ್ಟಿಗೆಯೊಳಗೆ ಒಂದು ಹಳೇ ಡೆಸ್ಕ್‌ಟಾಪ್ ಇಟ್ಟರೆ ಒಳ್ಳೆಯದು.

ನಮ್ಮಲ್ಲಿ ಹನ್ನೆರಡು ಮೇಜು ನೋಡಿದ ಮೇಲೆ ಲ್ಯಾಪ್‌ಟಾಪ್ ಬೇಕಾದದ್ದು ಏಳು ಜನರಿಗೆ ಮಾತ್ರ. ಉಳಿದ ಹಣದಿಂದಲೇ ಡಿಸೈನರ್‌ಗೆ ಸರಿಯಾದ ಮಷಿನ್ ತರಲು ಆಯಿತು.

ಹೆಜ್ಜೆ 3: ಜನರನ್ನು ಮೂರು ಗುಂಪು ಮಾಡಿ

ಪ್ರತಿಯೊಬ್ಬರಿಗೂ ಬೇರೆ ಬೇರೆ ಮಾಡೆಲ್ ತಂದರೆ ಚಾರ್ಜರ್, ಡ್ರೈವರ್, ವಾರಂಟಿ ಎಲ್ಲ ಕಲಸುಮೇಲೋಗರ ಆಗುತ್ತದೆ. ಎಲ್ಲರಿಗೂ ಒಂದೇ ತಂದರೆ ನಮ್ಮ ಹಾಗೆ ಆಗುತ್ತದೆ. ಎರಡು, ಹೆಚ್ಚೆಂದರೆ ಮೂರು ಮಾಡೆಲ್ ಇರಲಿ.

ಮೊದಲನೆಯದು ಅಕೌಂಟ್ಸ್, ಪರ್ಚೇಸ್, ಎಚ್‌ಆರ್ ಗುಂಪು. ಇವರಿಗೆ 15.6 ಇಂಚಿನದು ಒಳ್ಳೆಯದು, ಏಕೆಂದರೆ ನಂಬರ್ ಪ್ಯಾಡ್ ಸಾಮಾನ್ಯವಾಗಿ ಈ ಅಳತೆಯಲ್ಲೇ ಬರುತ್ತದೆ. 14 ಇಂಚಿನಲ್ಲಿ ಇರುವುದಿಲ್ಲ. ದಿನಕ್ಕೆ ನೂರಾರು ವೋಚರ್ ಹಾಕುವವರಿಗೆ ಇದು ಸಣ್ಣ ವಿಷಯವಲ್ಲ. ಟ್ಯಾಲಿ ವಿಂಡೋಸ್ ಮೇಲೆ ನಡೆಯುವಂಥದ್ದು, ಹಾಗಾಗಿ ಇಲ್ಲಿ ಮ್ಯಾಕ್ ಯೋಚನೆ ಬಿಡಿ. ಟ್ಯಾಲಿ ಡೇಟಾ ಒಂದು ಮಷಿನ್‌ನಲ್ಲಿದ್ದು ಉಳಿದವರು ನೆಟ್‌ವರ್ಕ್‌ನಿಂದ ತೆರೆಯುತ್ತಿದ್ದರೆ ವೈಫೈಗಿಂತ ವೈರ್ ನಂಬಿಕೆಯದು. ಆಗ ಲ್ಯಾನ್ ಪೋರ್ಟ್ ಇದೆಯೇ ನೋಡಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ತೆಗೆದುಬಿಟ್ಟಿರುತ್ತಾರೆ.

ಡಿಜಿಟಲ್ ಸಿಗ್ನೇಚರ್ ಟೋಕನ್, ಅಂದರೆ ಆನ್‌ಲೈನ್ ಸಹಿ ಇಟ್ಟಿರುವ ಪೆನ್‌ಡ್ರೈವ್‌ನಂಥ ಸಾಧನ, ಮರೆಯಬೇಡಿ. ಕಂಪನಿ ಅಥವಾ ಎಲ್‌ಎಲ್‌ಪಿ ಆಗಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದರಿಂದಲೇ ಸಹಿ ಹಾಕಬೇಕಾಗುತ್ತದೆ. ಆ ಟೋಕನ್ ಹೆಚ್ಚಾಗಿ ಹಳೇ ಅಗಲ ಯುಎಸ್‌ಬಿ ಪೋರ್ಟಿನದು. ಅದರ ಡ್ರೈವರ್ ಕೂಡ ಮಾಮೂಲಿ ಇಂಟೆಲ್, ಎಎಂಡಿ ವಿಂಡೋಸ್‌ಗೆ ಬರೆದಿರುತ್ತಾರೆ. ಈಗ ಅಂಗಡಿಯಲ್ಲಿ ಸ್ನಾಪ್‌ಡ್ರಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಸಿಗುತ್ತವೆ. ಬ್ಯಾಟರಿ ಚೆನ್ನಾಗಿ ಬರುತ್ತದೆ, ನಿಜ. ಆದರೆ ಅವಕ್ಕೆ ಬೇರೆಯದೇ ಡ್ರೈವರ್ ಬೇಕು. ಟೋಕನ್, ಹಳೇ ಪ್ರಿಂಟರ್, ಸ್ಕ್ಯಾನರ್ ಎಲ್ಲಕ್ಕೂ ಆ ಡ್ರೈವರ್ ಸಿಗುತ್ತದೆ ಎಂದು ಖಾತ್ರಿಯಾಗದೆ ಅಕೌಂಟ್ಸ್‌ಗೆ ಕೊಡಬೇಡಿ.

ಎರಡನೆಯದು ತಿರುಗಾಟದವರು: ಮಾರ್ಕೆಟಿಂಗ್, ಸರ್ವಿಸ್ ಎಂಜಿನಿಯರ್, ಮಾಲಕರು. ಇಂದು ಕೊಲ್ಹಾಪುರ, ನಾಳೆ ಹುಬ್ಬಳ್ಳಿ, ಮುಂದಿನ ವಾರ ಪುಣೆ. ಇವರಿಗೆ 14 ಇಂಚು, ಒಂದೂವರೆ ಕೇಜಿ ಒಳಗಿನದು ಕೊಡಿ. ಟೈಪ್-ಸಿಯಿಂದಲೇ ಚಾರ್ಜ್ ಆಗಬೇಕು. ಆಗ ಒಂದೇ 65 ವಾಟ್ ಚಾರ್ಜರ್ ಫೋನಿಗೂ ನಡೆಯುತ್ತದೆ, ಒಬ್ಬರದು ಮರೆತರೆ ಇನ್ನೊಬ್ಬರದು ನಡೆಯುತ್ತದೆ. ಬ್ಯಾಟರಿ ವಿಷಯದಲ್ಲಿ "10 ತಾಸು" ಎಂಬ ಬರಹವನ್ನು ಬಿಟ್ಟು ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂದು ಹೇಳುವ ವಾಟ್-ಅವರ್ (Wh) ಸಂಖ್ಯೆ ನೋಡಿ. ಇವರಿಗೆ 50ಕ್ಕಿಂತ ಮೇಲಿರುವುದನ್ನು ನಾನು ಆರಿಸುತ್ತೇನೆ. ಗ್ರಾಹಕರ ಕಚೇರಿಗಳಲ್ಲಿ ಇನ್ನೂ ಎಚ್‌ಡಿಎಂಐ ಪ್ರೊಜೆಕ್ಟರ್‌ಗಳೇ ಇವೆ, ಆ ಪೋರ್ಟ್ ಇರಲಿ.

ಮೂರನೆಯದು ಡಿಸೈನ್ ಮತ್ತು ಪ್ರೋಗ್ರಾಮಿಂಗ್. ಹಣ ಹಾಕಬೇಕಾದ ಜಾಗ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಟೋಕ್ಯಾಡ್‌ನಲ್ಲಿ ಬರೀ 2ಡಿ ಡ್ರಾಯಿಂಗ್ ಮಾಡುವವರಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ. 16 ಜಿಬಿ ರ್ಯಾಮ್, ಒಳ್ಳೆ ಪ್ರೊಸೆಸರ್ ಸಾಕು. ಕಾಸ್ಟಿಂಗ್, ಪ್ಯಾಟರ್ನ್, ಫಿಕ್ಸ್ಚರ್‌ಗಳ 3ಡಿ ಮಾಡೆಲ್ ಮಾಡುವವರ ಕಥೆ ಬೇರೆ. ಸಾಲಿಡ್‌ವರ್ಕ್ಸ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಅವರು ತಮ್ಮ ವೆಬ್‌ಸೈಟ್‌ನಲ್ಲಿ ಯಾವ ಗ್ರಾಫಿಕ್ಸ್ ಕಾರ್ಡ್, ಯಾವ ಡ್ರೈವರ್ ಪರೀಕ್ಷಿಸಿ ಒಪ್ಪಿದ್ದಾರೆ ಎಂಬ ಪಟ್ಟಿ ಇಟ್ಟಿದ್ದಾರೆ. ಥಿಂಕ್‌ಪ್ಯಾಡ್ ಪಿ, ಎಚ್‌ಪಿ ಝಡ್‌ಬುಕ್, ಡೆಲ್ ಪ್ರಿಸಿಷನ್ ಥರದ ವರ್ಕ್‌ಸ್ಟೇಷನ್ ಸಾಲುಗಳು ಇದಕ್ಕಾಗಿಯೇ ಇವೆ. ಗೇಮಿಂಗ್ ಲ್ಯಾಪ್‌ಟಾಪ್ ಅಗ್ಗವಾಗಿ ಸಿಗುತ್ತದೆ, ವೇಗವೂ ಇದೆ. ಸಣ್ಣ ಅಸೆಂಬ್ಲಿಗೆ ನಡೆದೀತು. ಆದರೆ ಒಂದು ಡ್ರಾಯಿಂಗ್ ತಪ್ಪಾದರೆ ಒಂದು ಹೀಟ್, ಅಂದರೆ ಒಮ್ಮೆ ಕರಗಿಸಿದ ಲೋಹದ ಕಾಸ್ಟಿಂಗ್ ಪೂರ್ತಿ ಸ್ಕ್ರ್ಯಾಪ್ ಆಗುವ ಕೆಲಸದಲ್ಲಿ, ಸ್ಕ್ರೀನ್ ಮೇಲೆ ಗೆರೆ ಮಾಯವಾಗುವ ಮಷಿನ್ ನನಗೆ ಬೇಡ.

ಇನ್ನೊಂದು ಮಾತು. ಬದಲಾವಣೆ ಮಾಡಿದಾಗ 3ಡಿ ಮಾಡೆಲ್ ಮರುಕಟ್ಟುವ ಕೆಲಸ ಬಹುಪಾಲು ಒಂದೇ ಕೋರ್ (ಪ್ರೊಸೆಸರ್ ಒಳಗಿನ ಒಂದು ಘಟಕ) ಮೇಲೆ ನಡೆಯುತ್ತದೆ. ಹಾಗಾಗಿ ಕೋರ್‌ಗಳ ಸಂಖ್ಯೆಗಿಂತ ಒಂದು ಕೋರ್ ಎಷ್ಟು ಗಿಗಾಹರ್ಟ್ಝ್ ವೇಗಕ್ಕೆ ಏರುತ್ತದೆ ಎಂಬುದು ಮುಖ್ಯ. ರ್ಯಾಮ್ 32 ಜಿಬಿ ಹಾಕಿಸಿ. ಮೇಜಿನ ಮೇಲೆ 24 ಇಂಚಿನ ಮಾನಿಟರ್ ಒಂದು ಕೊಡಿ. ನಮ್ಮ ಡಿಸೈನರ್ ಹೊಸ ಮಷಿನ್‌ಗಿಂತ ಜಾಸ್ತಿ ಖುಷಿಪಟ್ಟದ್ದು ಆ ಮಾನಿಟರ್ ನೋಡಿ.

ಪ್ರೋಗ್ರಾಂ ಹಾಕುವವರಿಗೆ ಪೋರ್ಟ್‌ನದೇ ಚಿಂತೆ. ಹಳೇ ಸಿಎನ್‌ಸಿ, ವಿಎಂಸಿ ಮಷಿನ್‌ಗಳು ಆರ್‌ಎಸ್-232 ಸೀರಿಯಲ್ ಕೇಬಲ್‌ನಿಂದ ಪ್ರೋಗ್ರಾಂ ತೆಗೆದುಕೊಳ್ಳುತ್ತವೆ. ಆ ಒಂಬತ್ತು ಪಿನ್ನಿನ ಪೋರ್ಟ್ ಈಗಿನ ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಬರುವುದಿಲ್ಲ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಕೊಳ್ಳಬೇಕು. ಅಗ್ಗದ ಕೇಬಲ್‌ನಲ್ಲಿ ಅರ್ಧಕ್ಕೆ ಕಡಿಯುತ್ತದೆ. ಎಫ್‌ಟಿಡಿಐ ಚಿಪ್ ಇರುವ ಕೇಬಲ್ ಕೇಳಿ ತನ್ನಿ, ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಹೆಜ್ಜೆ 4: ಡಬ್ಬಿಯ ಮೇಲಿನ ಬರಹ ಓದಲು ಕಲಿಯಿರಿ

"ಐ5, 16 ಜಿಬಿ, 512" ಎಂದರೆ ಏನೂ ಹೇಳಿದಂತಾಗಲಿಲ್ಲ. ಇಂಟೆಲ್ ಚಿಪ್ಪಿನ ಹೆಸರಿನ ಕೊನೆಯ ಅಕ್ಷರ ನೋಡಿ. ಯು ಅಂದರೆ ಕರೆಂಟ್ ಉಳಿಸುವ ಚಿಪ್, ಎಚ್ ಅಂದರೆ ಜೋರು ಕೆಲಸದ್ದು, ಎಚ್‌ಎಕ್ಸ್ ಅಂದರೆ ಇನ್ನೂ ಜೋರು. ಮೊದಲೆರಡು ಗುಂಪಿಗೆ ಯು ಸಾಕು, ಡಿಸೈನ್‌ಗೆ ಎಚ್ ಅಥವಾ ಎಚ್‌ಎಕ್ಸ್.

ಎಎಂಡಿಯ ರೈಝನ್ 7000 ಸಾಲಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅಲ್ಲಿ ಮೂರನೇ ಅಂಕಿ ಚಿಪ್ಪಿನ ಒಳಗಿನ ಪೀಳಿಗೆ ಹೇಳುತ್ತದೆ. 7520ಯು ಅಂದರೆ ಹಳೇ ಝೆನ್ 2, 7530ಯು ಅಂದರೆ ಝೆನ್ 3, 7540ಯು ಅಂದರೆ ಝೆನ್ 4. ಮೂರರ ಮೇಲೂ "ರೈಝನ್ 5" ಎಂದೇ ಬರೆದಿರುತ್ತದೆ. ಗೊತ್ತಿಲ್ಲದವರು ಮೊದಲನೆಯದನ್ನೇ ಹೊಸದು ಎಂದುಕೊಂಡು ತರುತ್ತಾರೆ.

ರ್ಯಾಮ್ ಈಗ ಯಾರಿಗೂ 16 ಜಿಬಿಗಿಂತ ಕಡಿಮೆ ಬೇಡ. ಅದು ಸ್ಲಾಟ್‌ನಲ್ಲಿದೆಯೋ ಬೋರ್ಡಿಗೆ ಬೆಸೆದಿದೆಯೋ ಎಂದು ಕೇಳಿ. ಅಂಗಡಿಯಲ್ಲೇ ಡೆಮೊ ಮಷಿನ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂದು ತೋರಿಸುತ್ತದೆ, ಆದರೂ ಕಂಪನಿಯ ಸ್ಪೆಸಿಫಿಕೇಶನ್ ಪುಟ ನೋಡಿ ಖಚಿತ ಮಾಡಿಕೊಳ್ಳಿ. ಬೆಸೆದದ್ದಾದರೆ ಮುಂದಿನ ನಾಲ್ಕು ವರ್ಷಕ್ಕೆ ಬೇಕಾದಷ್ಟನ್ನು ಇಂದೇ ಕೊಳ್ಳಬೇಕು. ಫೈಲ್ ಇಡುವ ಎಸ್‌ಎಸ್‌ಡಿ ವೇಗದ ಎನ್‌ವಿಎಂಇ ಬಗೆಯದಿರಲಿ, 512 ಜಿಬಿ ಸಾಕು. ಕಚೇರಿಯ ಫೈಲ್‌ಗಳು ಸರ್ವರ್‌ನಲ್ಲೋ ಕ್ಲೌಡ್‌ನಲ್ಲೋ ಇರಬೇಕು, ಒಬ್ಬೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಅಲ್ಲ.

ಸ್ಕ್ರೀನ್ 1920x1080 ಇಲ್ಲವೇ 1920x1200 ಇರಲಿ. ಎರಡನೆಯದರಲ್ಲಿ ಎಕ್ಸೆಲ್‌ನ ಕೆಲವು ಸಾಲು ಜಾಸ್ತಿ ಕಾಣುತ್ತವೆ. ಬೆಳಕು 300 ನಿಟ್ಸ್ ಇದ್ದರೆ ಕಿಟಕಿ ಪಕ್ಕ ಕೂತವರಿಗೂ ಕಣ್ಣು ನೋಯುವುದಿಲ್ಲ.

ವಿಂಡೋಸ್ ಹೋಮ್ ಬೇಡ, ಪ್ರೊ ತಗೊಳ್ಳಿ. ಡ್ರೈವ್‌ನ ಡೇಟಾಗೆ ಬೀಗ ಹಾಕುವ ಬಿಟ್‌ಲಾಕರ್, ಮಷಿನ್‌ನಲ್ಲಿ ಏನು ಮಾಡಬಹುದು ಎಂಬ ನಿಯಮ ಹಾಕುವ ಗ್ರೂಪ್ ಪಾಲಿಸಿ, ದೂರದಿಂದ ಆ ಮಷಿನ್‌ಗೆ ಸೇರುವ ಸೌಲಭ್ಯ ಪ್ರೊದಲ್ಲಿವೆ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದರೆ ಮಷಿನ್ ಹೋಯಿತು ಅಷ್ಟೇ, ಗ್ರಾಹಕರ ಡ್ರಾಯಿಂಗ್ ಹೋಗಬಾರದು. ಜೊತೆಗೆ ಬರುವ ಆಫೀಸ್ ಯಾವುದು ಎಂದೂ ಓದಿ. "ಹೋಮ್ ಅಂಡ್ ಸ್ಟೂಡೆಂಟ್" ಎಂದಿದ್ದರೆ ಅದು ವ್ಯಾಪಾರಕ್ಕೆ ಬಳಸುವ ಪರವಾನಗಿ ಅಲ್ಲ.

ಕಾರ್ಪೊರೇಷನ್, ಪಂಚಾಯಿತಿ, ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಪತ್ರ ಬರೆಯುವವರಿದ್ದರೆ ನುಡಿ ತಂತ್ರಾಂಶ ಹಾಕಿ ನೋಡಿ, ಇಲ್ಲವೇ ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಚಾಲೂ ಮಾಡಿ. ನಮ್ಮ ಊರಿನಲ್ಲಿ ಒಂದೇ ಮೇಜಿನಿಂದ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಪತ್ರ ಹೋಗುತ್ತದೆ ಅಲ್ವಾ? ಯೂನಿಕೋಡ್‌ನಲ್ಲಿ ಬರೆದರೆ ಯಾರ ಮಷಿನ್‌ನಲ್ಲಿ ತೆರೆದರೂ ಅಕ್ಷರ ಒಡೆಯುವುದಿಲ್ಲ.

ಹೆಜ್ಜೆ 5: ಕೆಟ್ಟಾಗ ಯಾರು ಬರುತ್ತಾರೆ ಎಂದು ಕೇಳಿ

ಸ್ಪೆಸಿಫಿಕೇಶನ್‌ಗಿಂತ ನಾನು ಹೆಚ್ಚು ಹೊತ್ತು ಕೊಡುವುದು ಇದಕ್ಕೆ. ಮನೆ ಬಳಕೆಯ ಸಾಲುಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷದ ವಾರಂಟಿ ಬರುತ್ತದೆ. ವ್ಯಾಪಾರದ ಸಾಲುಗಳಲ್ಲಿ, ಅಂದರೆ ಥಿಂಕ್‌ಪ್ಯಾಡ್, ಎಚ್‌ಪಿ ಪ್ರೊಬುಕ್, ಡೆಲ್ ಲ್ಯಾಟಿಟ್ಯೂಡ್, ಏಸರ್ ಟ್ರಾವೆಲ್‌ಮೇಟ್, ಏಸಸ್ ಎಕ್ಸ್‌ಪರ್ಟ್‌ಬುಕ್‌ನಂಥವುಗಳಲ್ಲಿ ಮೂರು ವರ್ಷದ ಆನ್-ಸೈಟ್ ಸೇವೆ ಜೊತೆಗೇ ಬರುತ್ತದೆ ಅಥವಾ ಸೇರಿಸಬಹುದು. ಡೆಲ್ 2025ರಲ್ಲಿ ಹೆಸರು ಬದಲಿಸಿತು, ಲ್ಯಾಟಿಟ್ಯೂಡ್ ಜಾಗದಲ್ಲಿ ಡೆಲ್ ಪ್ರೊ, ಪ್ರಿಸಿಷನ್ ಜಾಗದಲ್ಲಿ ಡೆಲ್ ಪ್ರೊ ಮ್ಯಾಕ್ಸ್ ಎಂಬ ಹೆಸರು ಬಂತು. ಅಂಗಡಿಯಲ್ಲಿ ಎರಡೂ ಹೆಸರು ಕೇಳಿಬಂದರೆ ಗೊಂದಲ ಬೇಡ.

ಆನ್-ಸೈಟ್ ಎಂದರೆ ಎಂಜಿನಿಯರ್ ನಿಮ್ಮ ಕಚೇರಿಗೆ ಬರುತ್ತಾರೆ. ಕ್ಯಾರಿ-ಇನ್ ಎಂದರೆ ನೀವೇ ಹೊತ್ತೊಯ್ಯಬೇಕು. ಹಣ ಕೊಡುವ ಮೊದಲು ಕಂಪನಿಯ ಟೋಲ್-ಫ್ರೀ ನಂಬರಿಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಇಲ್ಲಿಗೆ ಆನ್-ಸೈಟ್ ಇದೆಯೇ ಎಂದು ಕೇಳಿ. ಬೆಳಗಾವಿ ಪಟ್ಟಣಕ್ಕೆ ಇದ್ದದ್ದು ಅಥಣಿಗೋ ಗೋಕಾಕಕ್ಕೋ ಇಲ್ಲದಿರಬಹುದು. ಬಾಗಲಕೋಟೆ, ವಿಜಯಪುರ ಕಡೆ ಶಾಖೆ ಇದ್ದವರು ಆ ಪಿನ್‌ಕೋಡ್‌ಗಳನ್ನೂ ಕೇಳಿ. ತಿರುಗಾಟದವರ ಮಷಿನ್‌ಗೆ ಬಿದ್ದು ಒಡೆದರೂ ಸರಿಮಾಡಿಕೊಡುವ ಆಕ್ಸಿಡೆಂಟಲ್ ಡ್ಯಾಮೇಜ್ ರಕ್ಷಣೆ ಸೇರಿಸಿ. ನೀರು ಬಿದ್ದದ್ದು ಮಾಮೂಲಿ ವಾರಂಟಿಯಲ್ಲಿ ಬರುವುದಿಲ್ಲ. ನಮ್ಮ ಊರಿನ ಮಳೆಗಾಲ ನೋಡಿದವರಿಗೆ ಇದರ ಬೆಲೆ ಗೊತ್ತು.

ಹೆಜ್ಜೆ 6: ಬಿಲ್ಲು, ತೆರಿಗೆ, ತಾರೀಖು

ಲ್ಯಾಪ್‌ಟಾಪ್ ಮೇಲೆ ಜಿಎಸ್‌ಟಿ 18%. 55,000 ರೂಪಾಯಿಯ ಮಷಿನ್‌ಗೆ 9,900 ತೆರಿಗೆ ಸೇರಿ 64,900 ಆಗುತ್ತದೆ. ಬಿಲ್ಲಿನಲ್ಲಿ ನಿಮ್ಮ ಸಂಸ್ಥೆಯ ಹೆಸರು, 29ರಿಂದ ಶುರುವಾಗುವ ನಿಮ್ಮ ಜಿಎಸ್‌ಟಿ ನಂಬರ್ ಇದ್ದರೆ ಆ 9,900 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಮಾಲಕರ ಸ್ವಂತ ಹೆಸರಿನಲ್ಲಿ, ನಂಬರ್ ಇಲ್ಲದೆ ಬಿಲ್ ಮಾಡಿಸಿದರೆ ಹೋಯಿತು. ಕೊಲ್ಹಾಪುರದ ಅಂಗಡಿಯಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತದೆ ಎಂದು ಅಲ್ಲಿಂದ ಇಲ್ಲಿಗೆ ತರಿಸಿದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬದಲು ಐಜಿಎಸ್‌ಟಿ ಬರಬೇಕು, ಅದರ ಕ್ರೆಡಿಟ್ ಕೂಡ ಸಿಗುತ್ತದೆ. ನೀವೇ ಹೋಗಿ ಕೌಂಟರ್‌ನಲ್ಲಿ ಕೈಗೆ ತಗೊಂಡು ಬರುವುದಾದರೆ ಬಿಲ್ ಮಾಡಿಸುವ ಮೊದಲೇ ನಿಮ್ಮ ಆಡಿಟರನ್ನು ಕೇಳಿ. ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವವರಿಗೆ ಮಾತ್ರ ಕ್ರೆಡಿಟ್ ಇಲ್ಲ, ಅವರು 64,900 ಪೂರ್ತಿ ಖರ್ಚೆಂದೇ ಲೆಕ್ಕ ಹಾಕಬೇಕು.

ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40% ಸವಕಳಿ ಸಿಗುತ್ತದೆ. ಆದರೆ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಮೊದಲ ವಾರಕ್ಕೆ ಆ ಗಡಿ ಬರುತ್ತದೆ. ದೀಪಾವಳಿ ಆಫರ್‌ಗೆ ಕಾದರೆ ಮೊದಲ ವರ್ಷ 20% ಮಾತ್ರ ಸಿಗುತ್ತದೆ. ಉಳಿದದ್ದು ಮುಂದಿನ ವರ್ಷಗಳಲ್ಲಿ ಬರುತ್ತದೆ, ನಷ್ಟವೇನಿಲ್ಲ. ಆದರೂ ಆಫರ್‌ನ ಉಳಿತಾಯ ಮತ್ತು ಇದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಜಿಎಸ್‌ಟಿ ಕ್ರೆಡಿಟ್ ತೆಗೆದುಕೊಂಡ ಮೊತ್ತದ ಮೇಲೆ ಸವಕಳಿ ಹಾಕುವಂತಿಲ್ಲ ಎಂಬುದೂ ನೆನಪಿರಲಿ.

ಕೊಟೇಶನ್ ಮೂರು ಕಡೆ ತರಿಸಿ, ಆದರೆ ಮೂವರಿಗೂ ಒಂದೇ ಪೂರ್ತಿ ಮಾಡೆಲ್ ನಂಬರ್ ಕೊಡಿ. ಒಂದೇ ಹೆಸರಿನಡಿ ಹತ್ತು ಬಗೆಯ ರ್ಯಾಮ್, ಸ್ಕ್ರೀನ್, ಬ್ಯಾಟರಿ ಇರುತ್ತವೆ. ನಂಬರ್ ಇಲ್ಲದ ಕೊಟೇಶನ್‌ಗಳನ್ನು ಹೋಲಿಸಲು ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ತರಬಹುದೇ?

ತರಬಹುದು. ನಾನೇ ಎರಡು ತಂದಿದ್ದೇನೆ. ದೊಡ್ಡ ಕಂಪನಿಗಳಿಂದ ಹೊರಬಂದ ವ್ಯಾಪಾರದ ಸಾಲಿನ ಹಳೇ ಮಷಿನ್, ಹೊಸ ಅಗ್ಗದ ಮಷಿನ್‌ಗಿಂತ ಗಟ್ಟಿ ಇರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ವಿಂಡೋಸ್ 11 ಒಪ್ಪುವ ಮಷಿನ್ ಬೇಕು. ಇಂಟೆಲ್ ಆದರೆ 8ನೇ ಪೀಳಿಗೆಯಿಂದ ಮೇಲೆ, ಟಿಪಿಎಂ 2.0 (ಭದ್ರತೆಯ ಚಿಪ್) ಇರಬೇಕು. ಅದಕ್ಕಿಂತ ಹಳೆಯದು ಎಷ್ಟೇ ಅಗ್ಗವಾದರೂ ಬೇಡ. ಕಮಾಂಡ್ ಪ್ರಾಂಪ್ಟ್‌ನಿಂದ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿ ಮತ್ತು ಈಗಿನ ಫುಲ್ ಚಾರ್ಜ್ ಕೆಪಾಸಿಟಿ ಹೋಲಿಸಿ. ವಿಂಡೋಸ್‌ಗೂ ಮೊದಲು ತೆರೆಯುವ ಬಯೋಸ್‌ಗೆ ಪಾಸ್‌ವರ್ಡ್ ಇದ್ದರೆ ಆ ಮಷಿನ್ ಮುಟ್ಟಬೇಡಿ. ಬಿಲ್ ಇಲ್ಲದೆ ಕೊಡುವವರಿಂದ ಕೊಳ್ಳಬೇಡಿ.

ಹೆಜ್ಜೆ 7: ಮೊದಲು ಒಂದೇ ತನ್ನಿ

ಆರಿಸಿದ ಮಾಡೆಲ್ ಒಂದನ್ನು ಮಾತ್ರ ತಂದು, ಆ ಗುಂಪಿನಲ್ಲಿ ಅತಿ ಹೆಚ್ಚು ಕೆಲಸ ಇರುವವರ ಮೇಜಿಗೆ ಒಂದು ವಾರ ಕೊಡಿ. ಟೋಕನ್ ಸಿಕ್ಕಿಸಿ ಸಹಿ ಹಾಕಿಸಿ. ಎಲ್ಲ ಪ್ರಿಂಟರ್‌ನಲ್ಲಿ ಒಂದೊಂದು ಹಾಳೆ ತೆಗೆಸಿ. ಮಷಿನ್‌ಗೆ ಒಂದು ಪ್ರೋಗ್ರಾಂ ಕಳಿಸಿ. ನಿಮ್ಮ ಅತಿ ದೊಡ್ಡ ಅಸೆಂಬ್ಲಿ ತೆರೆದು ತಿರುಗಿಸಿ ನೋಡಿ. ಎರಡನೇ ಸಲ ನಮಗೆ ಬಂದ ಡಿಸೈನ್ ಮಷಿನ್‌ನಲ್ಲಿ ನಲವತ್ತು ನಿಮಿಷ ಕೆಲಸ ಮಾಡಿದ ಮೇಲೆ ಬಿಸಿಯಾಗಿ ನಿಧಾನವಾಗುತ್ತಿತ್ತು. ಒಂದೇ ತಂದಿದ್ದರಿಂದ ಬದಲಿಸಲು ಆಯಿತು. ಅಂಗಡಿಯವರ ಬಳಿ ಈ ಮಾತನ್ನು ಮೊದಲೇ ಆಡಿಕೊಳ್ಳಿ. ಐದಾರು ಮಷಿನ್‌ನ ಆರ್ಡರ್ ಇದ್ದರೆ ಬಹಳ ಜನ ಒಪ್ಪುತ್ತಾರೆ.

ಹೆಜ್ಜೆ 8: ಬಂದ ದಿನದ ಕೆಲಸ

ಪ್ರತಿ ಡಬ್ಬಿಯ ಸೀರಿಯಲ್ ನಂಬರ್ ಬಿಲ್ಲಿನಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಅದೇ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ವಾರಂಟಿ ತಾರೀಖು ನೋಡಿ. ಕೆಲವೊಮ್ಮೆ ಕಾರ್ಖಾನೆಯಿಂದ ಹೊರಟ ದಿನದಿಂದಲೇ ವಾರಂಟಿ ಓಡುತ್ತಿರುತ್ತದೆ. ಬಿಲ್ ಕಳಿಸಿ ಸರಿಪಡಿಸಿಕೊಳ್ಳಬಹುದು, ಆದರೆ ಅದನ್ನು ಮೊದಲ ವಾರದಲ್ಲೇ ಮಾಡಬೇಕು. ನಂತರ ಬಿಟ್‌ಲಾಕರ್ ಚಾಲೂ ಮಾಡಿ, ಅದರ ರಿಕವರಿ ಕೀ ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. ಈ ಕೀ ಕಳೆದರೆ ಡೇಟಾ ನಿಮಗೂ ಸಿಗುವುದಿಲ್ಲ. ದಿನವಿಡೀ ಚಾರ್ಜರ್ ಸಿಕ್ಕಿಸಿಯೇ ಇಡುವವರ ಮಷಿನ್‌ನಲ್ಲಿ ಚಾರ್ಜ್ 80%ಗೆ ನಿಲ್ಲುವಂತೆ ಸೆಟ್ ಮಾಡಿ, ಬ್ಯಾಟರಿ ಬಹಳ ದಿನ ಬಾಳುತ್ತದೆ. ಮೂರು ಪಿನ್ನಿನ ಸಾಕೆಟ್‌ಗೆ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಲೋಹದ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಮ್ ಅಂದರೆ ಮೊದಲು ಸಂಶಯ ಪಡಬೇಕಾದದ್ದು ಅರ್ಥಿಂಗ್ ಮೇಲೆ.

ಹಳೇ ಲ್ಯಾಪ್‌ಟಾಪ್‌ಗಳನ್ನು ಗುಜರಿಗೆ ಹಾಕಬೇಡಿ. ಮೊದಲು ವಿಂಡೋಸ್ ರೀಸೆಟ್‌ನಲ್ಲಿ ಎಲ್ಲ ಅಳಿಸಿ, ಡ್ರೈವ್ ಸ್ವಚ್ಛ ಮಾಡುವ ಆಯ್ಕೆಯನ್ನೂ ಒತ್ತಿ. ನಡೆಯುವಂಥದ್ದನ್ನು ಕಚೇರಿಯಲ್ಲಿ ಸ್ಪೇರ್ ಆಗಿ ಒಂದು ಇಟ್ಟುಕೊಳ್ಳಿ, ಯಾರದ್ದಾದರೂ ರಿಪೇರಿಗೆ ಹೋದ ದಿನ ಅವರ ಕೆಲಸ ನಿಲ್ಲುವುದಿಲ್ಲ. ಸತ್ತದ್ದನ್ನು ಅಧಿಕೃತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಟ್ಟು ರಸೀದಿ ತಗೊಳ್ಳಿ. ಆ ರಸೀದಿಯನ್ನು ಹೊಸ ಬಿಲ್ಲಿನ ಜೊತೆ ಅದೇ ಫೈಲ್‌ನಲ್ಲಿ ಹಾಕಿಡಿ.